ತಿರುವಿನಲ್ಲಿ ಆಡಿದ ಮಾತು

ನಮ್ಮ ಬಸ್ಸಿನ ಡ್ರೈವರರ ಬಲಗಿವಿಯ ಹಿಂದೆ ಗೇರುಬೀಜದ ಗಾತ್ರದ ಒಂದು ಗಂಟು ಇತ್ತು. ಸಿಟ್ಟು ಬಂದರೆ ಮೊದಲು ಅದು ಕೆಂಪಾಗುತ್ತಿತ್ತು, ಆಮೇಲೆ ಕುತ್ತಿಗೆ, ಆಮೇಲೆ ಬಾಯಿ ತೆರೆಯುತ್ತಿತ್ತು. ನಾನು ಅವರನ್ನು ಎದುರಿನಿಂದ ನೋಡಿದ್ದು ಕಡಿಮೆ. ಡ್ರೈವರ ಸೀಟಿನ ಹಿಂದೆಯೇ ಹೆಂಗಸರ ಸೀಟು. ವರ್ಷಗಟ್ಟಲೆ ಅಲ್ಲಿ ಕುಳಿತು ನಾನು ನೋಡಿದ್ದು ಅವರ ಬೆನ್ನು, ಖಾಕಿ ಅಂಗಿಯ ಕಾಲರಿನೊಳಗೆ ಮಡಚಿ ಇಟ್ಟ ಕರವಸ್ತ್ರ, ಮತ್ತು ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು.

ಅದು ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಹೋಗುವ ಬೆಳಗಿನ ಬಸ್ಸು. ಮಕ್ಕಳೇ, ನಿಮ್ಮ ಅಜ್ಜ ತೀರಿಹೋದ ಮೇಲೆ ನಾನು ಮೂಡುಬಿದಿರೆಯ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದದ್ದು ನಿಮಗೆ ಗೊತ್ತುಂಟು. ಅಲ್ಲಿ ಸೈರನ್ ಆದ ಮೇಲೆ ಗೇಟು ಹಾಕುತ್ತಾರೆ. ಗೇಟು ಹಾಕಿದರೆ ಆ ದಿನದ ಕೆಲಸ ಇಲ್ಲ. ಅವರ ಬಸ್ಸಿನಲ್ಲಿ ಹೋದ ಇಷ್ಟು ವರ್ಷಗಳಲ್ಲಿ ನನಗೆ ಗೇಟು ಹಾಕಿದ್ದು ಇಲ್ಲ. ನಿಮ್ಮ ಅಪ್ಪ ಕಾಲೇಜು ಮುಗಿಸಿದ್ದು, ಬೆಳ್ತಂಗಡಿಯಲ್ಲಿ ಅಂಗಡಿ ಹಾಕಿದ್ದು, ಈಗ ನೀವು ಕುಳಿತು ಊಟ ಮಾಡುವ ಮನೆ, ಎಲ್ಲದಕ್ಕೂ ಆ ಬಸ್ಸಿನ ಚಕ್ರ ತಿರುಗಿದೆ.

ಆದರೆ ಅವರು ಒಳ್ಳೆಯ ಮಾತಿನ ಮನುಷ್ಯ ಆಗಿರಲಿಲ್ಲ. ನಿಧಾನಕ್ಕೆ ಹತ್ತಿದರೆ ಬೈಗುಳ, ಬಾಗಿಲಲ್ಲಿ ನೇತಾಡಿದರೆ ಬೈಗುಳ. ಚಿಲ್ಲರೆ ಹುಡುಕುತ್ತಾ ಮೆಟ್ಟಲಲ್ಲೇ ನಿಂತವರಿಗೆ, ಮದುವೆ ಆದದ್ದು ಇಲ್ಲಿಯಾ, ಇಲ್ಲೇ ಸಂಸಾರ ಹೂಡುದಾ ಎಂದು ಕೇಳುತ್ತಿದ್ದರು. ಫರಂಗಿಪೇಟೆಯ ಬ್ಯಾರಿ ಮುಸಲ್ಮಾನ ಕಂಡಕ್ಟರರೊಬ್ಬರು ಅವರ ಜೊತೆಗೆ ಇದ್ದರು, ನಗಿಸುವ ಮನುಷ್ಯ. ಯಾರಾದರೂ ದೂರಿದರೆ ಅವರು ಟಿಕೆಟು ಹರಿಯುತ್ತಾ ಹೇಳುತ್ತಿದ್ದರು: "ನಮ್ಮ ಡ್ರೈವರ ಬಾಯಿಗೆ ಬ್ರೇಕ್ ಇಲ್ಲ, ಬಸ್ಸಿಗೆ ಉಂಟು. ಹಿಂದಿನ ಬಸ್ಸಿನಲ್ಲಿ ಬಾಯಿಗೆ ಉಂಟು. ನಿಮಗೆ ಯಾವುದು ಬೇಕು ಹೇಳಿ."

ಹಿಂದಿನ ಬಸ್ಸು ಎಂದರೆ ಬೇರೆ ಧಣಿಯದು. ಕೊರೊನಾದಲ್ಲಿ ಬಸ್ಸುಗಳೆಲ್ಲ ನಿಂತು ಪುನಃ ಶುರುವಾದ ಮೇಲೆ ಅದಕ್ಕೆ ನಮ್ಮ ಬಸ್ಸಿನ ಬೆನ್ನಿಗೇ ಟೈಮಿಂಗ್ ಕೊಟ್ಟಿದ್ದರು. ನಾವು ಒಂದು ಕಡೆ ಸ್ವಲ್ಪ ಹೊತ್ತು ನಿಂತರೆ ಅದರ ಮೂತಿ ನಮ್ಮ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. ಅದರ ಡ್ರೈವರು "ಬನ್ನಿ ಅಕ್ಕ, ಬನ್ನಿ ಅಣ್ಣ" ಎಂದು ಮನೆಮನೆಯ ಗೇಟಿನಲ್ಲಿ ನಿಲ್ಲಿಸುತ್ತಿದ್ದರು. ಜನಕ್ಕೆ ಅವರೆಂದರೆ ಪ್ರೀತಿ.

ನಮ್ಮ ಡ್ರೈವರರ ಬಾಯಿ ನನಗೆ ಒಮ್ಮೆ ಬೇರೆ ರೀತಿಯಲ್ಲಿ ಕೇಳಿತು. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ಹತ್ತಿದರೆ ಹೋಗುವುದಿಲ್ಲ. ಬೆರಳೆಲ್ಲ ಕಪ್ಪು, ಸೀರೆಗೆ ಸುಟ್ಟ ವಾಸನೆ. ಸಂಜೆ ನಾವು ನಾಲ್ಕಾರು ಹೆಂಗಸರು ಹತ್ತಿದ್ದೇ ತಡ, ಕಾಲೇಜಿನ ಮಕ್ಕಳು ಮೂಗಿಗೆ ಕರ್ಚೀಫು ಇಟ್ಟು ಎದ್ದು ನಿಂತರು. ಒಬ್ಬಳು, ಇವರಿಗೆ ಹಿಂದೆ ಕುಳಿತುಕೊಳ್ಳಲು ಹೇಳಬಾರದಾ ಎಂದು ಕಂಡಕ್ಟರರನ್ನು ಕೇಳಿದಳು. ನಾನು ಸೆರಗಿನೊಳಗೆ ಕೈ ಹುದುಗಿಸಿಕೊಂಡು ಹಿಂದೆ ಹೋಗಲು ಎದ್ದೆ. ಬಸ್ಸು ರಸ್ತೆಯ ಬದಿಗೆ ಬಂದು ನಿಂತಿತು. ಡ್ರೈವರರು ತಿರುಗಿ ನೋಡಲಿಲ್ಲ. ಗಂಟು ಕೆಂಪಾಗಿತ್ತು.

"ಮೂಗು ಇದ್ದವರು ಇಳಿದು ನಡೆದುಕೊಂಡು ಬನ್ನಿ. ಮೂಗು ಇಲ್ಲದವರು ಕೂತುಕೊಳ್ಳಿ. ಬಸ್ಸು ಹೊರಡ್ತದೆ."

ಯಾರೂ ಇಳಿಯಲಿಲ್ಲ. ಆಮೇಲೆ ಆ ಸೀಟು ನಮ್ಮದೇ ಆಯಿತು. ನಾನು ಅವರಿಗೆ ಏನೂ ಹೇಳಲಿಲ್ಲ. ನನಗೆ ಪರರೊಡನೆ ಮಾತಾಡಿ ಅಭ್ಯಾಸ ಇಲ್ಲ. ಅವರಿಗೂ ನನ್ನಿಂದ ಮಾತು ಬೇಕಾಗಿರಲಿಲ್ಲ.

ಅವರ ಒಂದು ನಿಯಮ ಮಾತ್ರ ಯಾರಿಗಾಗಿಯೂ ಬದಲಾಗುತ್ತಿರಲಿಲ್ಲ. ಸಿದ್ಧಕಟ್ಟೆ ದಾಟಿದ ಮೇಲೆ ಗುಡ್ಡವನ್ನು ಕೊರೆದು ಮಾಡಿದ ಒಂದು ತಿರುವು ಉಂಟು. ಒಂದು ಬದಿ ಗೋಡೆಯ ಹಾಗೆ ನಿಂತ ಕೆಂಪು ಧರೆ, ಇನ್ನೊಂದು ಬದಿ ಇಳಿಜಾರು. ಹಿಂದಿನಿಂದ ಬರುವ ವಾಹನಕ್ಕೆ ಮುಂದಿನದು ಕಾಣುವುದಿಲ್ಲ. ಬಸ್ಸು ನಿಲ್ಲುವ ಜಾಗ ಅದಕ್ಕಿಂತ ಸ್ವಲ್ಪ ಮೇಲೆ, ಒಂದು ಗೂಡಂಗಡಿಯ ಹತ್ತಿರ. ಆದರೆ ಕೆಳಗಿನ ಮನೆಗಳವರು ಏರು ಹತ್ತಲು ಉದಾಸೀನವಾಗಿ ತಿರುವಿನಲ್ಲೇ ನಿಂತು ಕೈ ಎತ್ತುತ್ತಿದ್ದರು. ಡ್ರೈವರರು ಅಲ್ಲಿ ನಿಲ್ಲಿಸಿದವರೇ ಅಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಲ್ಲಿ ನಿಂತವರಿಗೆಲ್ಲ ಒಂದೇ ಮಾತು ಎಸೆದು ಹೋಗುತ್ತಿದ್ದರು. "ಸಾಯ್ಲಿಕ್ಕೆ ನಿಮಗೆ ಬೇರೆ ಜಾಗ ಸಿಗ್ಲಿಲ್ವಾ?" ಎಲ್ಲ ಡ್ರೈವರುಗಳ ಬಾಯಲ್ಲೂ ಇರುವ ಮಾತು. ಕೇಳಿದವರೂ ನಕ್ಕು, ನಿನ್ನ ಬಸ್ಸಿನಲ್ಲೇ ಜಾಗ ನೋಡ್ತೇವೆ ಮಾರಾಯ ಎನ್ನುತ್ತಿದ್ದರು. ಅದನ್ನು ಮಾತು ಎಂದು ಯಾರೂ ಎಣಿಸಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ತಿರುವಿನಲ್ಲಿ ಗಂಡ ಹೆಂಡತಿ ಇದ್ದರು. ಗಂಡ ಮೈಲುಗಲ್ಲು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದ. ಹೆಂಡತಿ ಡಾಮರಿನ ಮೇಲೆಯೇ ಬಂದು ಎರಡೂ ಕೈ ಎತ್ತಿದಳು. ಡ್ರೈವರರು ಬಸ್ಸನ್ನು ಬಲಕ್ಕೆ ಎಳೆದು ಅವಳನ್ನು ತಪ್ಪಿಸಿದರು. ಹಿಂದೆ ಆ ಇನ್ನೊಂದು ಬಸ್ಸು ಹಾರ್ನ್ ಹಾಕುತ್ತಾ ಬರುತ್ತಿತ್ತು. ನಿಲ್ಲಿಸುವ ಹಾಗೆ ಇರಲಿಲ್ಲ, ಅದು ನನಗೂ ಗೊತ್ತು. ಅವರ ಬಾಯಿಂದ ದಿನದ ಮಾತು ಬಂತು. ಕುಳಿತಿದ್ದ ಆ ಗಂಡಸು ತಲೆ ಎತ್ತಿ ನಮ್ಮ ಬಸ್ಸನ್ನು ನೋಡಿದ. ಬಿಳಚಿಕೊಂಡ ಮುಖ. ಆಮೇಲೆ ಧರೆ ಅಡ್ಡ ಬಂತು.

ಹಿಂದಿನ ಬಸ್ಸು ಸಹ ನಿಲ್ಲಲಿಲ್ಲವಂತೆ. ಆದರೆ ಅದರ ಡ್ರೈವರು ಏನೂ ಹೇಳಿರಲಿಲ್ಲ. ಹಾಗಾಗಿ ಅವರ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ. ಯಾರೋ ಆಟೋದಲ್ಲಿ ಅವನನ್ನು ಮೂಡುಬಿದಿರೆಯ ಆಸ್ಪತ್ರೆಗೆ ಮುಟ್ಟಿಸಿದರು. ಸಂಜೆ ನಾವು ಹಿಂದೆ ಬರುವಾಗ ತಿರುವಿನ ಕೆಳಗಿನ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಕಂಡಕ್ಟರರು ಕಿಟಕಿಯಿಂದ ನೋಡಿ ಸೀಟಿ ಊದುವುದನ್ನು ಮರೆತರು.

ಗಂಡನ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಆ ಹೆಂಗಸು ಗುಡ್ಡದ ಮೇಲಿನ ದೈವದ ಕಟ್ಟೆಗೆ ಹೋಗಿ ಡ್ರೈವರರ ಮೇಲೆ ದೂರು ಇಟ್ಟಳು. ನಿಮಗೆ ಇದು ತಿಳಿಯದು, ಹೇಳುತ್ತೇನೆ. ನಮ್ಮ ಕಡೆ ಅನ್ಯಾಯ ಆಯಿತೆಂದು ಕಂಡರೆ, ಪೊಲೀಸರ ಹತ್ತಿರ ಹೋಗಲಾಗದ ಸಂಗತಿಯಾದರೆ, ದೈವದ ಎದುರು ನಿಂತು ಇಂಥವನ ಮೇಲೆ ನನಗೆ ಇಂಥ ನೋವು ಉಂಟು, ನೀನೇ ನೋಡಿಕೋ ಎನ್ನುತ್ತಾರೆ. ಒಮ್ಮೆ ಇಟ್ಟರೆ ಅದು ತನ್ನಷ್ಟಕ್ಕೆ ಹೋಗುವುದಿಲ್ಲ. ಇಟ್ಟವರೂ ಇಡಿಸಿಕೊಂಡವರೂ ಇಬ್ಬರೂ ಅಲ್ಲಿಗೆ ಬಂದು ಬಾಯಿ ಬಿಟ್ಟು ಹೇಳಿ, ಒಂದೇ ಗಿಂಡಿಯ ನೀರು ಕುಡಿದರೆ ಮಾತ್ರ ಬಿಡುಗಡೆ. ಅಲ್ಲಿಯವರೆಗೆ ಅದು ಆ ಮನುಷ್ಯನ ಹಿಂದೆ ಹಿಂದೆಯೇ ಇರುತ್ತದೆ ಎಂದು ನಂಬಿಕೆ.

ಸುದ್ದಿ ಬಸ್ಸಿಗಿಂತ ಮೊದಲು ಮೂಡುಬಿದಿರೆಗೆ ಮುಟ್ಟಿತು. ಜನ ಅವರನ್ನು ನೋಡುವ ರೀತಿ ಬೇರೆ ಆಯಿತು. ಟಯರು ಪಂಕ್ಚರ್ ಆದರೆ ಮುಖ ಮುಖ ನೋಡಿಕೊಂಡರು. ನಾಗರ ಹಾವೊಂದು ಬಸ್ಸಿನ ಎದುರು ರಸ್ತೆ ದಾಟಿದ ದಿನ ವಾಮದಪದವಿಗೆ ಹೋಗುವ ಒಬ್ಬರು ಮುದುಕರು, ಸಿದ್ಧಕಟ್ಟೆ ಬರುವ ಮೊದಲೇ ಸುಮ್ಮನೆ ಇಳಿದುಬಿಟ್ಟರು. ಅವರ ಬಸ್ಸಿಗೆ ಹತ್ತಬಾರದು, ದೂರು ಇರುವವನ ಜೊತೆಗೆ ಇದ್ದವರೂ ಹೋಗುತ್ತಾರೆ ಎಂದು ಕಾರ್ಖಾನೆಯಲ್ಲಿ ನನ್ನ ಪಕ್ಕದವಳು ಹೇಳಿದಳು. ಹಿಂದಿನ ಬಸ್ಸಿಗೆ ಕಾದರೆ, ಅದು ಮನೆಮನೆಯಲ್ಲಿ ನಿಂತು ಹೋಗುವಷ್ಟರಲ್ಲಿ ಗೇಟು ಹಾಕುತ್ತಿದ್ದರು. ನಾನು ಅದೇ ಸೀಟಿನಲ್ಲಿ ಕುಳಿತೆ.

ಅವರು ಬೈಯುವುದನ್ನು ಬಿಟ್ಟರು. ಸ್ವಲ್ಪ ಸ್ವಲ್ಪ ಅಲ್ಲ, ಒಮ್ಮೆಲೇ. "ಬನ್ನಿ," "ಕೂತುಕೊಳ್ಳಿ," "ಪರವಾಗಿಲ್ಲ, ನಿಧಾನ ಇಳಿಯಿರಿ." ಅವರ ಬಾಯಲ್ಲಿ ಆ ಮಾತುಗಳು ಬೇರೆಯವರ ಅಂಗಿ ಹಾಕಿಕೊಂಡ ಹಾಗೆ ಕೇಳುತ್ತಿದ್ದವು. ಬಾಗಿಲಲ್ಲಿ ಹುಡುಗರು ನೇತಾಡಿದರೂ ಸುಮ್ಮನೆ. ಯಾರು ಎಲ್ಲಿ ಕೈ ಎತ್ತಿದರೂ ನಿಲ್ಲಿಸಿದರು, ಗೇಟಿನಲ್ಲಿ, ಹಳ್ಳದ ಸಂಕದ ಮೇಲೆ, ಇಳಿಜಾರಿನಲ್ಲಿ. ಜನಕ್ಕೆ ಖುಷಿ. ನಿವೃತ್ತ ಮಾಸ್ಟರೊಬ್ಬರು, ಪೊಲೀಸರಿಂದ ಆಗದ್ದನ್ನು ದೈವ ಮಾಡಿತು ನೋಡಿ, ಈಗ ಮನುಷ್ಯ ಆದ ಎಂದರು. ಎಲ್ಲರೂ ನಕ್ಕರು. ಕಂಡಕ್ಟರರು ನಗಲಿಲ್ಲ.

ನಾನು ಹಿಂದಿನಿಂದ ನೋಡುತ್ತಿದ್ದೆ. ಗಂಟು ಈಗ ಕೆಂಪಾಗುತ್ತಿರಲಿಲ್ಲ, ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಾಲರು ಸಡಿಲವಾಗಿತ್ತು. ಹೆಚ್ಚು ಹೆದರಿಸಿದ್ದು ಕನ್ನಡಿಯ ಕಣ್ಣುಗಳು. ಅವು ರಸ್ತೆಯನ್ನು ನೋಡುತ್ತಿರಲಿಲ್ಲ, ರಸ್ತೆಯ ಬದಿಯಲ್ಲಿ ಕೈಗಳನ್ನು ಹುಡುಕುತ್ತಿದ್ದವು. ನಿಲ್ಲಿಸಿ ನಿಲ್ಲಿಸಿ ಹೊತ್ತು ಹೋಗುತ್ತಿತ್ತು, ಹೋದ ಹೊತ್ತನ್ನು ಹಿಡಿಯಲು ನಡುವೆ ಓಡಿಸುತ್ತಿದ್ದರು. ಹಿಂದಿನ ಬಸ್ಸು ಯಾವಾಗಲೂ ಬೆನ್ನಿಗೆ ಅಂಟಿಕೊಂಡೇ ಇತ್ತು. ಒಂದು ದಿನ ಅವರು ತಿರುವಿನಲ್ಲೇ ನಿಲ್ಲಿಸಿದರು. ಒಬ್ಬಳು ಮಗು ಎತ್ತಿಕೊಂಡು ಹತ್ತಿದಳು. ಹಿಂದೆ ಬ್ರೇಕಿನ ಕಿರುಚಾಟ ಕೇಳಿತು. ಯಾರಿಗೂ ಏನೂ ಆಗಲಿಲ್ಲ. ಮಗುವಿನ ತಾಯಿ ಅವರಿಗೆ ಥ್ಯಾಂಕ್ಸ್ ಹೇಳಿದಳು.

ಆ ದಿನ ಮೂಡುಬಿದಿರೆಯಲ್ಲಿ ಎಲ್ಲರೂ ಇಳಿದ ಮೇಲೆ ನಾನು ಕುಳಿತೇ ಇದ್ದೆ. ಅವರು ಕನ್ನಡಿಯಲ್ಲಿ ನೋಡಿದರು. ತಿರುವಿನಲ್ಲಿ ನಿಲ್ಲಿಸಬೇಡಿ, ಮೊದಲಿನ ಹಾಗೆ ಬೈದುಕೊಂಡೇ ಹೋಗಿ ಎಂದೆ. ನಾವು ಆಡಿದ್ದೆಲ್ಲ ತುಳುವಿನಲ್ಲಿ. ನಿಮಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಬರೆಯುತ್ತೇನೆ.

"ಕೈ ಎತ್ತಿದವರು ಯಾರು, ಎಂತಕ್ಕೆ ಎತ್ತಿದ್ದಾರೆ, ನನಗೆ ಗೊತ್ತಾಗುದಿಲ್ಲ ಅಕ್ಕ," ಎಂದರು. "ಆ ದಿನ ನಿಲ್ಲಿಸದ್ದು ತಪ್ಪಲ್ಲ. ಇವತ್ತು ದೈವವೇ ಬಂದು ಕೇಳಿದರೂ ಹಾಗೇ ಹೇಳ್ತೇನೆ. ಆದರೆ ಆ ಮಾತು. ಅದನ್ನು ನಾನು ದಿನಾ ಹೇಳ್ತಿದ್ದೆ. ಯಾರೂ ಸಾಯ್ತಿರಲಿಲ್ಲ."

ಹಾಗಾದರೆ ಹೋಗಿ ಅಷ್ಟನ್ನೇ ಗಂಡ ತೀರಿದ ಆ ಹೆಂಗಸಿನ ಹತ್ತಿರ ಹೇಳಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಆ ಅಂಗಳಕ್ಕೆ ಕಾಲಿಡಲು ಹೋಗಿ ಗೇಟಿನ ತನಕ ಮುಟ್ಟಿ ಹಿಂದೆ ಬಂದಿದ್ದರಂತೆ.

ಆ ಭಾನುವಾರ ನಾನೇ ಅಲ್ಲಿಗೆ ಹೋದೆ. ನಿಮ್ಮ ಅಪ್ಪನಿಗೂ ಹೇಳಿರಲಿಲ್ಲ. ಅವಳು ಅಂಗಳದಲ್ಲಿ ಬೀಡಿ ಕಟ್ಟುತ್ತಾ ಕುಳಿತಿದ್ದಳು, ನನಗಿಂತ ಸ್ವಲ್ಪ ಚಿಕ್ಕವಳು. ಬಂದ ಕಾರಣ ಹೇಳಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ. ಬೆಲ್ಲ ನೀರು ತಂದಿಟ್ಟಳು. ಬಸ್ಸು ನಿಲ್ಲಿಸದ್ದಕ್ಕೆ ತಾನು ದೂರು ಇಟ್ಟದ್ದಲ್ಲ ಎಂದಳು. ಆಸ್ಪತ್ರೆಯವರು ಬೆಳಿಗ್ಗೆಯೇ ಕೈ ಚೆಲ್ಲಿದ್ದರು, ಯಾವ ಬಸ್ಸು ನಿಂತಿದ್ದರೂ ಅಷ್ಟೇ ಎಂದು ಅವಳಿಗೂ ಗೊತ್ತಿತ್ತು. ಬೀಡಿಯ ಮೊರ ಕೆಳಗಿಟ್ಟು ಹೇಳಿದಳು.

"ಆಟೋದಲ್ಲಿ ನನ್ನ ತೊಡೆಯ ಮೇಲೆ ಮಲಗಿಕೊಂಡು ಅವರು ಒಂದೇ ಕೇಳಿದ್ದು, 'ನಾನು ಸಾಯುದು ಅವನಿಗೆ ಹೇಗೆ ಗೊತ್ತಾಯಿತು ಮಾರಾಯ್ತಿ?' ಮತ್ತೆ ಮಾತಾಡಲಿಲ್ಲ. ಅದನ್ನೇ ಹಿಡಿದುಕೊಂಡು ಹೋದರು."

ನನ್ನ ಕೈಯಲ್ಲಿ ಲೋಟ ಹಾಗೇ ಇತ್ತು. ನಿಮ್ಮ ಅಜ್ಜ ತೀರಿಹೋಗುವಾಗ ನನ್ನ ಹತ್ತಿರ ಕೇಳಿದ್ದು, ದನದ ಹಟ್ಟಿಯ ಬಾಗಿಲು ಹಾಕಿದ್ದೀಯಾ ಎಂದು. ಅದೆಷ್ಟು ಭಾಗ್ಯ ಎಂದು ನನಗೆ ಆ ಅಂಗಳದಲ್ಲಿ ತಿಳಿಯಿತು.

ಹೊರಡುವಾಗ ಅವಳು ಹೇಳಿದಳು: ಬರುವ ಸಂಕ್ರಮಣಕ್ಕೆ ಕಟ್ಟೆಯಲ್ಲಿ ದೀಪ ಇಡುತ್ತಾರೆ, ಅವನು ಬಂದು ಆ ಮಾತು ಆಡಬಾರದಿತ್ತು ಎಂದು ಬಾಯಿ ಬಿಟ್ಟು ಹೇಳಲಿ, ನಾನು ಬಿಡುತ್ತೇನೆ.

ಮರುದಿನ ಅವರಿಗೆ ತಿಳಿಸಿದೆ. ಅವರು ಸ್ಟೇರಿಂಗಿನ ಮೇಲೆ ಹಣೆ ಇಟ್ಟರು. ಕುತ್ತಿಗೆಯ ನರಗಳು ಇಳಿದದ್ದು ನನಗೆ ಕಂಡಿತು. ಖಂಡಿತ ಬರ್ತೇನೆ ಎಂದರು. ತಿರುವಿನಲ್ಲಿ ಇನ್ನಾದರೂ ನಿಲ್ಲಿಸಬೇಡಿ ಎಂದು ಪುನಃ ಹೇಳಿದೆ.

"ಸಂಕ್ರಮಣ ಒಂದು ಕಳೆಯಲಿ ಅಕ್ಕ. ಅಲ್ಲಿಯವರೆಗೆ ಯಾರನ್ನೂ ಬಿಟ್ಟು ಹೋಗುದು ಬೇಡ. ಆಮೇಲೆ ನೋಡುವ, ಎಲ್ಲರಿಗೂ ಸೇರಿಸಿ ಬೈಯುವ."

ಕಂಡಕ್ಟರರು ದೂರದಿಂದ ಕೇಳಿ, ಹಾಗಾದರೆ ನಾನು ಈಗಲೇ ಕಿವಿಗೆ ಹತ್ತಿ ತಂದಿಡ್ತೇನೆ ಎಂದರು. ಬಹಳ ದಿನದ ಮೇಲೆ ಮೂವರೂ ನಕ್ಕೆವು.

ಸಂಕ್ರಮಣಕ್ಕೆ ಕೆಲವೇ ದಿನ ಇತ್ತು. ಬೆಳಗಿನ ಬಿಸಿಲು ಓರೆಯಾಗಿ ಹೊಡೆಯುತ್ತಿತ್ತು. ತಿರುವಿನಲ್ಲಿ ಧರೆಗೆ ಒರಗಿ ಒಬ್ಬ ಕೂಲಿಯವನು ನಿಂತಿದ್ದ. ಅವನಿಗೆ ಬಸ್ಸು ಬೇಕಾಗಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತೆಂದು ಹಣೆಗೆ ಅಡ್ಡ ಕೈ ಎತ್ತಿದ, ಅಷ್ಟೇ. ಅದನ್ನು ಅವನೇ ಆಮೇಲೆ ಎಷ್ಟೋ ಜನರ ಹತ್ತಿರ ಅಳುತ್ತಾ ಹೇಳಿದ. ಅವರು ಬ್ರೇಕ್ ಹಾಕಿದರು. ನಾನು ಮುಂದಿನ ಸರಳಿಗೆ ಬಡಿದೆ. ತಕ್ಷಣ ಹಿಂದೆ ಹಾರ್ನ್ ಕೇಳಿತು. ಅವರು ಕನ್ನಡಿ ನೋಡಿದರು, "ಯಾರೂ ಏಳಬೇಡಿ" ಎಂದರು, ತಮ್ಮ ಬದಿಯ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟು, ಹಿಂದಿನ ಬಸ್ಸಿಗೆ ನಿಲ್ಲು ನಿಲ್ಲು ಎಂದು ಕೈ ಬೀಸಿದರು. ಆ ಬಸ್ಸಿನವನು ನಮಗೆ ಗುದ್ದುವುದನ್ನು ತಪ್ಪಿಸಲು ಬಲಕ್ಕೆ, ಅವರು ಕಾಲಿಟ್ಟ ಬದಿಗೇ ತಿರುಗಿಸಿದ.

ಬಸ್ಸಿನ ಒಳಗೆ ಇದ್ದ ಯಾರಿಗೂ ಒಂದು ಗೀರೂ ಆಗಲಿಲ್ಲ. ನನ್ನ ಎದುರಿನ ಡ್ರೈವರ ಸೀಟಿನಲ್ಲಿ ಒದ್ದೆ ಕರವಸ್ತ್ರ ಮಾತ್ರ ಇತ್ತು.

ದೂರು ಹಿಡಿಯಿತು ಎಂದು ಊರಿಡೀ ಹೇಳಿದರು. ಹೇಳುವಾಗ ಸ್ವಲ್ಪ ತೃಪ್ತಿಯೂ ಇತ್ತು ಅವರ ದನಿಯಲ್ಲಿ. ಹಿಡಿದದ್ದು ದೂರೋ, ದೂರಿನ ಹೆದರಿಕೆಯೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಬೇರೆ ಬೇರೆ ಹೌದೋ ಎಂದೂ ಗೊತ್ತಿಲ್ಲ.

ಸಂಕ್ರಮಣದ ದಿನ ಕಾರ್ಖಾನೆಗೆ ರಜೆ ಹಾಕಿ ಗುಡ್ಡ ಹತ್ತಿದೆ. ಆ ಹೆಂಗಸು ಮೊದಲೇ ಬಂದಿದ್ದಳು. ಅವಳ ಮುಖ ಬತ್ತಿಹೋಗಿತ್ತು. ಊರಿನವರು ಈಗ ಅವಳನ್ನು ನೋಡಿ ದಾರಿ ಬಿಡುತ್ತಿದ್ದರು, ನೀರು ಸಹ ಕೇಳುತ್ತಿರಲಿಲ್ಲ. ತಾನು ಇಷ್ಟು ಕೇಳಿರಲಿಲ್ಲ, ಇಷ್ಟು ಕೇಳಿರಲಿಲ್ಲ ಎಂದು ನನ್ನ ಕೈ ಹಿಡಿದು ಎರಡು ಸಲ ಹೇಳಿದಳು. ಡ್ರೈವರರ ಮನೆಯಿಂದ ಯಾರೂ ಬಂದಿರಲಿಲ್ಲ. ಯಾಕೆ ಬರುತ್ತಾರೆ? ಕಂಡಕ್ಟರರು ಮಾತ್ರ ಬಂದಿದ್ದರು. ನಮ್ಮ ಕಟ್ಟೆಯೊಳಗೆ ಬರುವುದು ಸರಿಯಲ್ಲವೆಂದು ಟೊಪ್ಪಿ ಕೈಯಲ್ಲಿ ಹಿಡಿದು ಹೊರಗೆ ಬಿಸಿಲಲ್ಲಿ ನಿಂತಿದ್ದರು.

ದೀಪ ಇಡುವ ಹಿರಿಯರು ಗಿಂಡಿಯಲ್ಲಿ ನೀರು ತುಂಬಿಸಿ, ಇಟ್ಟವಳು ಬಂದಿದ್ದಾಳೆ, ಇಡಿಸಿಕೊಂಡವನ ಪರವಾಗಿ ಯಾರು ಎಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಇಬ್ಬರು ಇಲ್ಲದೆ ನೀರು ಕೊಡಲು ಆಗುವುದಿಲ್ಲ, ಹಾಗೇ ಉಳಿದರೆ ಅದು ಮಕ್ಕಳ ತಲೆಗೆ ಹೋಗುತ್ತದೆ ಎಂದರು. ಡ್ರೈವರರಿಗೆ ಶಾಲೆಗೆ ಹೋಗುವ ಮಗಳೊಬ್ಬಳು ಇದ್ದಳು.

ನಾನು ಎದ್ದು ನಿಂತೆ. ಹಿರಿಯರು ಗಿಂಡಿ ಕೆಳಗಿಟ್ಟು ಕೇಳಿದರು.

"ನೀವು ಅವನಿಗೆ ಏನಾಗಬೇಕು?"

"ಏನೂ ಅಲ್ಲ. ಅವರ ಬಸ್ಸಿನಲ್ಲಿ ಹೋಗ್ತಿದ್ದೆ."

"ಪರವಾಗಿ ನಿಂತವರ ಮೇಲೆ ಆ ಮಾತು ಬರ್ತದೆ. ಇನ್ನು ಅದು ನಿಮ್ಮ ಮನೆಯದು. ನಿಮ್ಮ ಮನೆಯವರ ಬಾಯಿಂದ ಅದು ಪುನಃ ಬಿದ್ದರೆ ನನ್ನ ಹತ್ತಿರ ಬಂದು ಪ್ರಯೋಜನ ಇಲ್ಲ. ಗೊತ್ತುಂಟಾ?"

ಗೊತ್ತುಂಟು ಎಂದೆ. ಆ ಮಾತು ಆಡಬಾರದಿತ್ತು ಎಂದು ಅವರ ಪರವಾಗಿ ಹೇಳಿದೆ. ನಾನು ಬಿಟ್ಟೆ ಎಂದು ಅವಳು ಹೇಳಿದಳು. ನೀರು ಕುಡಿದೆವು. ಸತ್ತ ಡ್ರೈವರರಿಗೆ ಇದು ಮುಟ್ಟುತ್ತದಾ ಎಂದು ಅವಳು ಕೇಳಿದಳು. ಹಿರಿಯರು ದೀಪದ ಬತ್ತಿ ಸರಿ ಮಾಡಿದರು.

ಮಕ್ಕಳೇ, ಮೊನ್ನೆ ನಾವೆಲ್ಲ ಕಾರಿನಲ್ಲಿ ಮೂಡುಬಿದಿರೆಗೆ ಹೋಗುವಾಗ ಒಬ್ಬರು ಮುದುಕರು ಅಡ್ಡ ಬಂದರು, ನಿಮ್ಮ ಅಪ್ಪ ಗಾಜು ಇಳಿಸಿ ಅವರಿಗೆ ಆ ಮಾತು ಹೇಳಿದ. ಅವನಿಗೆ ಈ ಕತೆ ಗೊತ್ತಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ನಾನು ಕಾರು ನಿಲ್ಲಿಸಲು ಹೇಳಿ ಇಳಿದು, ನಡುರಸ್ತೆಯಲ್ಲಿ ಅವರ ಎರಡೂ ಕೈ ಹಿಡಿದುಕೊಂಡದ್ದು ನೋಡಿ ನೀವು ನಕ್ಕಿರಿ. ನಿಮ್ಮ ಅಪ್ಪನಿಗೆ ನಾಚಿಕೆಯಾಯಿತು. ಅವರ ಮನೆ ಎಲ್ಲಿ, ಜೊತೆಗೆ ಯಾರಿದ್ದಾರೆ ಎಂದು ನಾನು ಕೇಳಿ ಇಟ್ಟುಕೊಂಡೆ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ನಾನು ಬಸ್ಸು ಹತ್ತಿ ಹೋದದ್ದು ಅಲ್ಲಿಗೆ. ಗೇಟಿನ ತನಕ ಮುಟ್ಟಿ ಅಲ್ಲೇ ನಿಂತೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿತ್ತಿಲಿನಿಂದ ಯಾರೋ ಕೆಮ್ಮಿದರು, ಆಮೇಲೆ ಆ ಮುದುಕರೇ ಬಚ್ಚಲಿನ ಸೌದೆ ಎತ್ತಿಕೊಂಡು ಬಂದು, ಗೇಟಿನಲ್ಲಿ ನಿಂತ ನನ್ನನ್ನು ನೋಡಿ, ಯಾರು ಬೇಕು ಎಂದು ಕೇಳಿದರು.

ನೀವೇ ಎಂದೆ.